ಸ್ಪಾಟ್ ವೆಲ್ಡಿಂಗ್ ಯಂತ್ರದ ಡಿಜಿಟಲ್ ನಿಯಂತ್ರಕ: ಬಳಕೆ ಮತ್ತು ಸಂರಕ್ಷಣೆ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಎಂದೊಡನೆ ವ್ಯಾಪಾರಸ್ಥರಿಗೆ ನೆನಪಾಗುವುದು ಅಲ್ಲಿನ ಸಕ್ಕರೆ ಕಾರ್ಖಾನೆ, ಕಬ್ಬಿನ ಗಾಡಿಗಳ ಸಾಲು ಮತ್ತು ಸುತ್ತಮುತ್ತಲ ಆಲೆಮನೆಗಳ ಹೊಗೆ. ಆದರೆ ಈ ಭಾಗದಲ್ಲಿಯೂ, ನೆರೆಯ ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿಯೂ ಕಬ್ಬಿಣದ ಬೀರು, ಟ್ರಂಕು, ರ‍್ಯಾಕು, ಕೋಳಿ ಗೂಡಿನ ಜಾಲರಿ, ಮೀಟರ್ ಪೆಟ್ಟಿಗೆ ಮೊದಲಾದವನ್ನು ತಯಾರಿಸಿ ಜೀವನ ಸಾಗಿಸುವ ಸಣ್ಣ ಉದ್ದಿಮೆದಾರರಿದ್ದಾರೆ. ತೆಳುವಾದ ಶೀಟು ಮತ್ತು ತಂತಿಗಳನ್ನು ಜೋಡಿಸಲು ಇಂಥವರಿಗೆ ಸ್ಪಾಟ್ ವೆಲ್ಡಿಂಗ್ ಯಂತ್ರವೇ ಆಧಾರ. ಹಳೆಯ ಕಾಂಟ್ಯಾಕ್ಟರ್ ಮತ್ತು ಗುಂಡಿ ತಿರುಗಿಸುವ ಟೈಮರ್‌ಗಳ ಸ್ಥಾನದಲ್ಲಿ ಅಂಕೆಗಳನ್ನು ತೋರಿಸುವ ಡಿಜಿಟಲ್ ನಿಯಂತ್ರಕವು ಬಂದ ಮೇಲೆ ಕೆಲಸ ಹಗುರವಾಗಿದೆ ಎಂಬುದು ನಿಜ. ಅದರ ಬೆನ್ನಿಗೇ ಒಂದು ತಪ್ಪು ನಂಬಿಕೆಯೂ ಬಂದಿದೆ. ಪರದೆಯ ಮೇಲಿನ ಅಂಕೆ ಸರಿಯಾಗಿದ್ದರೆ ಬೆಸುಗೆಯೂ ಸರಿಯಾಗಿದೆ ಎಂಬುದೇ ಆ ನಂಬಿಕೆ.

ಕೆಲಕಾಲದ ಹಿಂದೆ ಈ ಲೇಖಕನನ್ನು ಮಾಕವಳ್ಳಿ ಸಮೀಪದ ಒಂದು ಘಟಕದ ಮಾಲೀಕರು ಕರೆಸಿಕೊಂಡಿದ್ದರು. ಅವರು ಮೈಸೂರಿನ ಖರೀದಿದಾರರೊಬ್ಬರಿಗೆ ಒದಗಿಸಿದ್ದ ರ‍್ಯಾಕುಗಳಲ್ಲಿ ಹಲವು, ಸಾಮಾನಿನ ಭಾರ ಬಿದ್ದೊಡನೆ ಬೆಸುಗೆಯ ಬಳಿ ಕಿತ್ತು ಬಂದಿದ್ದವು. ಇಡೀ ಸರಕು ವಾಪಸಾಗಿ, ಲಾರಿ ಬಾಡಿಗೆ ಎರಡು ಪಟ್ಟಾಗಿತ್ತು. ನಿಯಂತ್ರಕವೇ ಕೆಟ್ಟಿದೆಯೆಂದು ಭಾವಿಸಿ ಅದನ್ನು ಬಿಚ್ಚಿ ಬೆಂಗಳೂರಿಗೆ ರಿಪೇರಿಗೆ ಕಳುಹಿಸಿದರೆ, ಎರಡು ವಾರದ ನಂತರ ‘ದೋಷವಿಲ್ಲ’ ಎಂಬ ಚೀಟಿಯೊಡನೆ ಅದು ಹಿಂದಿರುಗಿತು. ಆ ಎರಡು ವಾರ ಕೆಲಸಗಾರರಿಗೆ ಕೂಲಿ ಕೊಟ್ಟು ಸುಮ್ಮನೆ ಕೂರಿಸಬೇಕಾಯಿತು. ಚೀಟಿಯಲ್ಲಿದ್ದ ಮಾತು ಸುಳ್ಳಾಗಿರಲಿಲ್ಲ. ದೋಷವು ನಿಜಕ್ಕೂ ನಿಯಂತ್ರಕದಲ್ಲಿ ಇರಲಿಲ್ಲ. ಅದು ಎಲ್ಲಿತ್ತು ಎಂಬುದು ತಿಳಿಯಬೇಕಾದರೆ ಈ ಸಾಧನವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಮೊದಲು ಅರಿಯಬೇಕು.

ಬೆಸುಗೆಯ ಹಿಂದಿನ ತತ್ವ

ರೆಸಿಸ್ಟೆನ್ಸ್ ವೆಲ್ಡಿಂಗ್, ಅಂದರೆ ರೋಧ ಬೆಸುಗೆಯಲ್ಲಿ ಹೊರಗಿನಿಂದ ಬೆಸುಗೆ ಕಡ್ಡಿಯನ್ನಾಗಲಿ ಅನಿಲವನ್ನಾಗಲಿ ಒದಗಿಸುವುದಿಲ್ಲ. ಎರಡು ಶೀಟುಗಳನ್ನು ತಾಮ್ರದ ಎರಡು ಟಿಪ್‌ಗಳ ನಡುವೆ ಒತ್ತಿ ಹಿಡಿದು, ಬಹು ದೊಡ್ಡ ವಿದ್ಯುತ್ ಪ್ರವಾಹವನ್ನು ಅತಿ ಸ್ವಲ್ಪ ಕಾಲ ಹಾಯಿಸಿದರೆ, ಶೀಟುಗಳು ಪರಸ್ಪರ ತಾಗುವ ಜಾಗದಲ್ಲಿ ರೋಧವು ಹೆಚ್ಚಾಗಿರುವುದರಿಂದ ಅಲ್ಲಿಯೇ ಲೋಹವು ಕರಗಿ ಒಂದು ಗುಂಡಿಯಂತೆ ಗಟ್ಟಿಯಾಗುತ್ತದೆ. ಅಮೆರಿಕದ ಎಲಿಹು ಥಾಮ್ಸನ್ ಎಂಬ ವಿಜ್ಞಾನಿಯು 1886ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಆಧಾರವಾದ ನಿಯಮವು ಅದಕ್ಕೂ ಹಳೆಯದು. ಉತ್ಪತ್ತಿಯಾಗುವ ಶಾಖವು ಪ್ರವಾಹದ ವರ್ಗ, ರೋಧ ಮತ್ತು ಕಾಲ ಈ ಮೂರರ ಗುಣಲಬ್ಧವೆಂದು ಜೌಲ್ 1840ರ ದಶಕದ ಆರಂಭದಲ್ಲಿಯೇ ತೋರಿಸಿದ್ದನು.

‘ವರ್ಗ’ ಎಂಬ ಪದವನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ನಮ್ಮ ಕಷ್ಟಗಳಲ್ಲಿ ಬಹುಪಾಲು ಅದರಿಂದಲೇ ಹುಟ್ಟುತ್ತವೆ.

ಒಂದು ಉದಾಹರಣೆಯನ್ನು ನೋಡೋಣ. 1 ಮಿ.ಮೀ. ದಪ್ಪದ ಎರಡು ಸಾದಾ ಉಕ್ಕಿನ ಶೀಟುಗಳಿಗೆ ಸುಮಾರು 8ರಿಂದ 10 ಸಾವಿರ ಆಂಪಿಯರ್ ಪ್ರವಾಹ, ಸುಮಾರು 2 ಕಿಲೋನ್ಯೂಟನ್‌ಗಿಂತ ತುಸು ಹೆಚ್ಚಿನ ಒತ್ತಡ ಹಾಗೂ 8ರಿಂದ 10 ಸೈಕಲ್ ಕಾಲ ಬೇಕಾಗುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವೃತ್ತಿಯದಾದುದರಿಂದ ಒಂದು ಸೈಕಲ್ ಎಂದರೆ ಸೆಕೆಂಡಿನ 50ನೇ ಒಂದು ಭಾಗ. 10 ಸೈಕಲ್ ಎಂದರೆ ಸೆಕೆಂಡಿನ ಐದನೇ ಒಂದು ಭಾಗ. 9,000 ಆಂಪಿಯರ್ ಪ್ರವಾಹವು ಒಂದು ಓಮ್‌ನ ಹತ್ತು ಸಾವಿರದ ಒಂದು ಭಾಗದಷ್ಟು ರೋಧದ ಮೂಲಕ ಅಷ್ಟು ಹೊತ್ತು ಹರಿದರೆ ಹುಟ್ಟುವ ಶಾಖ ಸುಮಾರು 1,600 ಜೌಲ್. ಒಂದು ಲೀಟರ್ ನೀರನ್ನು ಅರ್ಧ ಡಿಗ್ರಿಯಷ್ಟೂ ಬಿಸಿ ಮಾಡಲಾರದ ಶಾಖವಿದು. ಇಷ್ಟು ಸಣ್ಣ ಮೊತ್ತದ ಶಾಖವು ಇಷ್ಟು ಸಣ್ಣ ಜಾಗದಲ್ಲಿ, ಇಷ್ಟು ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಸಬೇಕಾಗಿರುವುದರಿಂದ ಸ್ವಲ್ಪ ಏರುಪೇರಾದರೂ ಗುಂಡಿ ಕಟ್ಟುವುದಿಲ್ಲ. ಹೊರಗಿನಿಂದ ನೋಡಿದರೆ ಟಿಪ್ಪಿನ ಗುರುತು ಬಿದ್ದಿರುತ್ತದೆ, ಶೀಟುಗಳು ಅಂಟಿಕೊಂಡೂ ಇರುತ್ತವೆ. ಆದರೆ ಒಳಗೆ ಲೋಹ ಕರಗಿರುವುದಿಲ್ಲ. ಬಣ್ಣ ಬಳಿದ ಮೇಲಂತೂ ಇದನ್ನು ಕಂಡುಹಿಡಿಯುವವನು ಗ್ರಾಹಕನೇ.

ನಾಲ್ಕು ಕಾಲಗಳು

ಯಾವುದೇ ಕಂಪನಿಯ ನಿಯಂತ್ರಕವಾದರೂ ಮೂಲಭೂತವಾಗಿ ನಾಲ್ಕು ಕಾಲಗಳನ್ನು ಅಳೆಯುತ್ತದೆ. ಪೆಡಲ್ ಒತ್ತಿದೊಡನೆ ಮೇಲಿನ ಟಿಪ್ ಇಳಿದು ಒತ್ತಡವು ಪೂರ್ಣವಾಗುವವರೆಗಿನದು ಸ್ಕ್ವೀಜ್ ಕಾಲ. ಪ್ರವಾಹವು ಹರಿಯುವುದು ವೆಲ್ಡ್ ಕಾಲ. ಪ್ರವಾಹ ನಿಂತ ಮೇಲೂ ಒತ್ತಿ ಹಿಡಿದು ಕರಗಿದ ಲೋಹವನ್ನು ತಣಿಸುವುದು ಹೋಲ್ಡ್ ಕಾಲ. ಪೆಡಲ್ ಒತ್ತಿಯೇ ಇದ್ದು ಸಾಲಾಗಿ ಬೆಸುಗೆ ಹಾಕುವಾಗ ಎರಡು ಬೆಸುಗೆಗಳ ನಡುವೆ ಬಿಡುವುದು ಆಫ್ ಕಾಲ.

ಇವುಗಳಲ್ಲಿ ಎಲ್ಲರೂ ವೆಲ್ಡ್ ಕಾಲವನ್ನೇ ಮುಟ್ಟುತ್ತಾರೆ. ತಪ್ಪಾಗುವುದು ಹೆಚ್ಚಾಗಿ ಸ್ಕ್ವೀಜ್ ಕಾಲದಲ್ಲಿ. ಉತ್ಪಾದನೆ ಹೆಚ್ಚಲೆಂದು ಇದನ್ನು ಕಡಿತಗೊಳಿಸಿದರೆ, ಸಿಲಿಂಡರಿನ ಒತ್ತಡವು ಪೂರ್ಣವಾಗುವ ಮೊದಲೇ ಪ್ರವಾಹ ಹರಿದು ಕಿಡಿ ಸಿಡಿಯುತ್ತದೆ, ಟಿಪ್ಪಿನ ಮುಖ ಸುಟ್ಟು ಹೋಗುತ್ತದೆ. ಹೊಸ ಕೆಲಸವನ್ನು ಆರಂಭಿಸುವಾಗ ಸ್ಕ್ವೀಜ್ ಕಾಲವನ್ನು ಧಾರಾಳವಾಗಿ, ಉದಾಹರಣೆಗೆ 40 ಸೈಕಲ್ ಇಟ್ಟು, ಬೆಸುಗೆ ಸರಿಯಾದ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದು, ಕಿಡಿ ಕಾಣಿಸಿಕೊಂಡೊಡನೆ ಮತ್ತೆ ಕೆಲವು ಸೈಕಲ್ ಏರಿಸಿ ನಿಲ್ಲಿಸುವುದು ಉತ್ತಮ ಕ್ರಮ. ಹೋಲ್ಡ್ ಕಾಲಕ್ಕೆ ತೆಳು ಶೀಟಿನಲ್ಲಿ 5ರಿಂದ 10 ಸೈಕಲ್ ಸಾಕು.

ಹಳೆಯ ಕಾಂಟ್ಯಾಕ್ಟರಿಗಿಂತ ಡಿಜಿಟಲ್ ನಿಯಂತ್ರಕವು ಮೇಲೆನಿಸುವುದು ಈ ಅಳತೆಯಲ್ಲಿಯೇ. ಕಾಂಟ್ಯಾಕ್ಟರು ಒಂದೆರಡು ಸೈಕಲ್ ಆಚೀಚೆಯಾದರೂ 10 ಸೈಕಲ್ಲಿನ ಬೆಸುಗೆಯಲ್ಲಿ ಶೇಕಡಾ 10ರಿಂದ 20ರಷ್ಟು ಶಾಖ ಏರುಪೇರಾಗುತ್ತಿತ್ತು. ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚುಗಳ ಒಂದು ಜೋಡಿಯನ್ನು ಬಳಸುವ ಈಗಿನ ನಿಯಂತ್ರಕವು ಪ್ರತಿ ಬಾರಿಯೂ ಅಲೆಯ ನಿಗದಿತ ಬಿಂದುವಿನಲ್ಲಿಯೇ ಪ್ರವಾಹವನ್ನು ಆರಂಭಿಸಿ, ಎಣಿಸಿದಷ್ಟೇ ಸೈಕಲ್ ಹರಿಸಿ ನಿಲ್ಲಿಸುತ್ತದೆ.

ಶಾಖದ ಶೇಕಡಾವಾರು ಮತ್ತು ನಮ್ಮ ಊರಿನ ವೋಲ್ಟೇಜ್

ಪರದೆಯ ಮೇಲೆ ‘ಹೀಟ್’ ಎಂದು ಕಾಣುವ ಶೇಕಡಾವಾರು ಅಂಕೆಯು, ಅಲೆಯ ಪ್ರತಿ ಅರ್ಧದಲ್ಲಿ ಥೈರಿಸ್ಟರ್ ಎಷ್ಟು ಬೇಗ ತೆರೆಯಬೇಕು ಎಂಬುದರ ಸೂಚನೆ. ತಡವಾಗಿ ತೆರೆದರೆ ಪ್ರವಾಹ ಕಡಿಮೆ, ಬೇಗ ತೆರೆದರೆ ಹೆಚ್ಚು. ಇದು ಎಷ್ಟು ಆಂಪಿಯರ್ ಹರಿಯಿತು ಎಂಬುದರ ಅಳತೆಯಲ್ಲ. ಮಾರ್ಗದ ವೋಲ್ಟೇಜ್ ಕುಸಿದಿದ್ದರೆ ಅದೇ ಶೇಕಡಾ 80 ಎಂಬ ಅಂಕೆಯಲ್ಲಿಯೇ ಕಡಿಮೆ ಪ್ರವಾಹ ಹರಿಯುತ್ತದೆ.

ಈಗ ಹಿಂದೆ ಹೇಳಿದ ‘ವರ್ಗ’ದ ಮಾತಿಗೆ ಬರೋಣ. 1956ರ ಭಾರತೀಯ ವಿದ್ಯುತ್ ನಿಯಮಗಳು ಕಡಿಮೆ ಒತ್ತಡದ ಗ್ರಾಹಕರಿಗೆ ಶೇಕಡಾ 6ರಷ್ಟು ಏರಿಳಿತವನ್ನು ಮಿತಿಯಾಗಿ ಇಟ್ಟಿದ್ದವು. ಅಷ್ಟು ಇಳಿದರೂ ಬೆಸುಗೆಯ ಶಾಖ ಶೇಕಡಾ 12ರಷ್ಟು ಕುಸಿಯುತ್ತದೆ. ಶೇಕಡಾ 10 ಇಳಿದರೆ ಶಾಖದಲ್ಲಿ 19, ಶೇಕಡಾ 15 ಇಳಿದರೆ 28ರಷ್ಟು ನಷ್ಟ. ಹಳ್ಳಿಯ ಕೊನೆಯಲ್ಲಿರುವ ಘಟಕಗಳಲ್ಲಿ, ತ್ರೀಫೇಸ್ ಬಂದೊಡನೆ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲನೆಗೊಳ್ಳುವ ಹೊತ್ತಿನಲ್ಲಿ ಇಂಥ ಇಳಿತವು ಅಪರೂಪವೇನಲ್ಲ. ರೈತರನ್ನು ದೂರಿ ಪ್ರಯೋಜನವಿಲ್ಲ. ನಮ್ಮಂತೆ ಅವರಿಗೂ ವಿದ್ಯುತ್ತು ಸಿಗುವುದು ಆ ಕೆಲವೇ ಗಂಟೆಗಳಲ್ಲಿ.

ಇದಕ್ಕೆ ನಿಯಂತ್ರಕಗಳಲ್ಲಿ ಎರಡು ಬಗೆಯ ಪರಿಹಾರಗಳಿವೆ. ಮೊದಲನೆಯದು ವೋಲ್ಟೇಜ್ ಪರಿಹಾರ. ಮಾರ್ಗದ ವೋಲ್ಟೇಜನ್ನು ಅಳೆದು, ಅದು ಇಳಿದಷ್ಟೂ ಥೈರಿಸ್ಟರನ್ನು ಬೇಗ ತೆರೆಯುವುದು. ಎರಡನೆಯದು ಸ್ಥಿರ ಪ್ರವಾಹ ಕ್ರಮ. ಯಂತ್ರದ ತೋಳಿನ ಸುತ್ತ ಅಳವಡಿಸಿದ ಸುರುಳಿಯ ಮೂಲಕ ನಿಜವಾದ ಪ್ರವಾಹವನ್ನೇ ಅಳೆದು, ನಿಗದಿಪಡಿಸಿದ ಆಂಪಿಯರಿಗೆ ಅದನ್ನು ತಂದು ನಿಲ್ಲಿಸುವುದು. ಎರಡೂ ಒಳ್ಳೆಯವೇ. ಆದರೆ ಎರಡಕ್ಕೂ ಒಂದು ಷರತ್ತು ಇದೆ. ಏರಲು ಜಾಗವಿದ್ದರೆ ಮಾತ್ರ ಅವು ಏರಬಲ್ಲವು. ಈಗಾಗಲೇ ಶೇಕಡಾ 97ರಲ್ಲಿ ಕೆಲಸ ಮಾಡುತ್ತಿರುವ ಯಂತ್ರವು ವೋಲ್ಟೇಜ್ ಇಳಿದಾಗ ಮತ್ತೆ ಎಲ್ಲಿಗೆ ಏರೀತು?

ಆದುದರಿಂದ ಮಧ್ಯಾಹ್ನದ ಇಳಿದ ವೋಲ್ಟೇಜಿನಲ್ಲಿಯೂ ಸಾಕಷ್ಟು ಅಂತರ ಉಳಿಯುವಂತೆ, ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಾಯಿಸಿ, ಸಾಮಾನ್ಯ ಕೆಲಸವು ಶೇಕಡಾ 70ರಿಂದ 80ರ ನಡುವೆ ನಡೆಯುವಂತೆ ನೋಡಿಕೊಳ್ಳುವುದು ಉಚಿತ. ಟ್ಯಾಪನ್ನು ಬದಲಿಸುವಾಗ ಮುಖ್ಯ ಸ್ವಿಚ್ಚನ್ನು ತೆಗೆದಿರಬೇಕು. ಇದಕ್ಕೆ ವಿರುದ್ಧವಾಗಿ ಅತಿ ಮೇಲಿನ ಟ್ಯಾಪ್ ಇಟ್ಟು ಶೇಕಡಾ 40ಕ್ಕಿಂತ ಕೆಳಗೆ ನಡೆಸುವುದೂ ಸಲ್ಲದು. ಆಗ ಪ್ರವಾಹವು ತುಂಡು ತುಂಡಾಗಿ ಹರಿದು ಬೆಸುಗೆ ಒಂದೇ ಸಮನಾಗಿರುವುದಿಲ್ಲ.

ಮಾಕವಳ್ಳಿಯ ಆ ಘಟಕದಲ್ಲಿ ಆಗಿದ್ದುದು ಇದೇ. ಸ್ಥಿರ ಪ್ರವಾಹ ಕ್ರಮವು ಚಾಲನೆಯಲ್ಲಿಯೇ ಇತ್ತು. ಬೆಳಿಗ್ಗೆ ಮೀಟರ್ 415 ವೋಲ್ಟ್ ತೋರಿಸುತ್ತಿತ್ತು. ಪಂಪ್‌ಸೆಟ್‌ಗಳು ಓಡುವಾಗ 365. ಶಾಖದ ಲೆಕ್ಕದಲ್ಲಿ ಇದು ಸುಮಾರು ಶೇಕಡಾ 23ರ ಕುಸಿತ. ಯಂತ್ರವನ್ನು ಕೆಳಗಿನ ಟ್ಯಾಪಿನಲ್ಲಿ ಇಟ್ಟಿದ್ದುದರಿಂದ ನಿಯಂತ್ರಕವು ತನ್ನ ಮಿತಿಯನ್ನು ಮುಟ್ಟಿ, ‘ಪ್ರವಾಹ ಕಡಿಮೆ’ ಎಂಬ ಎಚ್ಚರಿಕೆಯನ್ನು ನೀಡಿ ಯಂತ್ರವನ್ನು ನಿಲ್ಲಿಸುತ್ತಿತ್ತು. ಹೀಗೆ ಪದೇ ಪದೇ ನಿಲ್ಲುವುದನ್ನು ಸಹಿಸದೆ ಯಾರೋ ಆ ಎಚ್ಚರಿಕೆಯ ಮಿತಿಯನ್ನು ಸಡಿಲಗೊಳಿಸಿದ್ದರು. ಅಂದಿನಿಂದ ಯಂತ್ರ ನಿಲ್ಲಲಿಲ್ಲ. ಬೆಳಿಗ್ಗೆ ಹಾಕಿದ ಬೆಸುಗೆಗಳು ಗಟ್ಟಿಯಾಗಿದ್ದವು, ಮಧ್ಯಾಹ್ನದವು ಅಂಟಿಕೊಂಡಿದ್ದವು ಅಷ್ಟೆ. ರಿಪೇರಿ ಮಳಿಗೆಯಲ್ಲಿ ಸ್ಥಿರವಾದ ವೋಲ್ಟೇಜಿನಲ್ಲಿ ಪರೀಕ್ಷಿಸಿದವರಿಗೆ ದೋಷ ಕಾಣದಿದ್ದುದು ಸಹಜವೇ.

ನಿಯಂತ್ರಕಕ್ಕೆ ಕಾಣದ ಸಂಗತಿಗಳು

ಅಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಟಿಪ್ಪಿನ ಮುಖವು ಅಣಬೆಯಂತೆ ಹರಡಿ ಅಗಲವಾಗಿತ್ತು. ಟಿಪ್ಪಿನ ಮುಖದ ವ್ಯಾಸವು ಶೀಟಿನ ದಪ್ಪದ ವರ್ಗಮೂಲದ ಐದು ಪಟ್ಟಿರಬೇಕೆಂಬುದು ರೂಢಿಯಲ್ಲಿರುವ ಸೂತ್ರ. 1 ಮಿ.ಮೀ. ಶೀಟಿಗೆ 5 ಮಿ.ಮೀ. ಅದು ಸವೆದು 7 ಮಿ.ಮೀ. ಆದರೆ ಮುಖದ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದೇ 9,000 ಆಂಪಿಯರ್ ಈಗ ಇಮ್ಮಡಿ ಜಾಗದಲ್ಲಿ ಹಂಚಿಹೋಗುತ್ತದೆ. ಸ್ಥಿರ ಪ್ರವಾಹ ಕ್ರಮವು ಆಂಪಿಯರನ್ನು ಕಾಯುತ್ತದೆಯೇ ಹೊರತು ಈ ಹಂಚಿಕೆಯನ್ನು ಅರಿಯದು. ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇದಕ್ಕೆ ‘ಸ್ಟೆಪ್ಪರ್’ ಎಂಬ ಸೌಲಭ್ಯವಿದೆ. ಬೆಸುಗೆಗಳನ್ನು ಎಣಿಸುತ್ತಾ ಹೋಗಿ, ಇಂತಿಷ್ಟು ನೂರು ಬೆಸುಗೆಗಳಾದ ಮೇಲೆ ಪ್ರವಾಹವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುವ ವ್ಯವಸ್ಥೆಯಿದು. ಇದು ಟಿಪ್ ಮಟ್ಟಸ ಮಾಡುವುದನ್ನು ಮುಂದೂಡುತ್ತದೆ, ತಪ್ಪಿಸುವುದಿಲ್ಲ. ಟಿಪ್ಪನ್ನು ಮಟ್ಟಸ ಮಾಡಿದ ಮೇಲೆ ಎಣಿಕೆಯನ್ನು ಶೂನ್ಯಕ್ಕೆ ತರಲು ಮರೆತರೆ, ಹೊಸ ಮುಖದ ಮೇಲೆ ಏರಿದ ಪ್ರವಾಹ ಹರಿದು ಮೊದಲ ಬೆಸುಗೆಯಲ್ಲಿಯೇ ಕಿಡಿಯ ಮಳೆ ಸುರಿಯುತ್ತದೆ. ಸಾದಾ ಶೀಟಿನಲ್ಲಿ ಒಮ್ಮೆ ಮಟ್ಟಸ ಮಾಡಿದರೆ ಸಾವಿರಕ್ಕೂ ಮೀರಿ ಬೆಸುಗೆಗಳು ಬರಬಹುದು. ಜಿಐ ಶೀಟಿನಲ್ಲಿ ಮತ್ತು ಕೋಳಿ ಗೂಡಿಗೆ ಬಳಸುವ ಸತುವಿನ ಲೇಪದ ತಂತಿಯಲ್ಲಿ ಸತುವು ತಾಮ್ರದೊಡನೆ ಬೆರೆತು ಟಿಪ್ಪು ಬೇಗನೆ ಹಾಳಾಗುವುದರಿಂದ ಕೆಲವು ನೂರಕ್ಕೇ ಮಟ್ಟಸ ಮಾಡಬೇಕಾದೀತು. ಸತು ಲೇಪದ ಕೆಲಸಕ್ಕೆ ಪ್ರವಾಹವೂ ಹೆಚ್ಚು ಬೇಕು, ಹೊಗೆಯೂ ಅಪಾಯಕಾರಿ. ಗಾಳಿಯಾಡುವ ಜಾಗದಲ್ಲಿಯೇ ಮಾಡತಕ್ಕದ್ದು. ಅರದಿಂದ ಮನಸ್ಸಿಗೆ ಬಂದಂತೆ ಉಜ್ಜುವುದಕ್ಕಿಂತ, ಎರಡು ಟಿಪ್ಪುಗಳ ಮುಖವೂ ಒಂದೇ ಆಕಾರಕ್ಕೆ ಬರುವಂತೆ ಕೈಯಿಂದ ತಿರುಗಿಸುವ ಡ್ರೆಸ್ಸರ್ ಇಟ್ಟುಕೊಳ್ಳುವುದು ಲಾಭದಾಯಕ. ಟಿಪ್ಪುಗಳನ್ನು ಕ್ರೋಮಿಯಂ ಬೆರೆತ ತಾಮ್ರದಲ್ಲಿಯೇ ಕೊಳ್ಳಬೇಕು. ಲೇತಿನಲ್ಲಿ ಸಾದಾ ತಾಮ್ರದ ಸರಳಿನಿಂದ ಮಾಡಿಸಿದ ಅಗ್ಗದ ಟಿಪ್ಪು ಒಂದೇ ದಿನದಲ್ಲಿ ಹರಡಿಕೊಳ್ಳುತ್ತದೆ.

ಒತ್ತಡದ ವಿಷಯವೂ ಹೀಗೆಯೇ. ನೇರವಾಗಿ ಒತ್ತುವ 80 ಮಿ.ಮೀ. ಒಳವ್ಯಾಸದ ಸಿಲಿಂಡರಿಗೆ 4 ಬಾರ್ ಗಾಳಿಯನ್ನು ಕೊಟ್ಟರೆ ಸುಮಾರು 2 ಕಿಲೋನ್ಯೂಟನ್, ಅಂದರೆ 200 ಕಿಲೋಗ್ರಾಂ ತೂಕದಷ್ಟು ಬಲ ಬರುತ್ತದೆ. ಕಂಪ್ರೆಸರಿನ ಗಾಳಿ 3 ಬಾರಿಗೆ ಇಳಿದರೆ ಅದು 150 ಕಿಲೋಗ್ರಾಮಿಗೆ ಇಳಿಯುತ್ತದೆ. ಒತ್ತಡ ಕಡಿಮೆಯಾದಾಗ ಶೀಟುಗಳ ನಡುವಿನ ರೋಧವು ಹೆಚ್ಚಿ ಕಿಡಿ ಹಾರುತ್ತದೆ. ಕಿಡಿಯನ್ನು ಕಂಡ ಕೆಲಸಗಾರನು ಶಾಖವನ್ನು ಇಳಿಸುತ್ತಾನೆ; ಗಾಳಿ ಮತ್ತೆ ಏರಿದಾಗ ಬೆಸುಗೆ ಹಿಡಿಯುವುದಿಲ್ಲ. ಹೀಗೆ ಒಂದರ ತಪ್ಪಿಗೆ ಇನ್ನೊಂದನ್ನು ತಿದ್ದುತ್ತಾ ಹೋದರೆ ದಿನದ ಕೊನೆಗೆ ಯಾವ ಅಂಕೆಗೂ ಅರ್ಥ ಉಳಿಯುವುದಿಲ್ಲ. ಗಾಳಿಯ ಒತ್ತಡ ಸಾಲದಿದ್ದರೆ ಬೆಸುಗೆಯನ್ನೇ ತಡೆಯುವ ಪ್ರೆಷರ್ ಸ್ವಿಚ್ಚನ್ನು ನಿಯಂತ್ರಕಕ್ಕೆ ಜೋಡಿಸಲು ಬಹುತೇಕ ಮಾದರಿಗಳಲ್ಲಿ ಅವಕಾಶವಿದೆ. ಕಾಲಿನಿಂದ ತುಳಿಯುವ ಸ್ಪ್ರಿಂಗಿನ ಯಂತ್ರಗಳಲ್ಲಿ, ಸ್ಪ್ರಿಂಗು ನಿಗದಿತ ಮಟ್ಟಿಗೆ ಕುಗ್ಗಿದ ಮೇಲೆಯೇ ನಿಯಂತ್ರಕಕ್ಕೆ ಸೂಚನೆ ಹೋಗುವಂತೆ ಲಿಮಿಟ್ ಸ್ವಿಚ್ಚನ್ನು ಹೊಂದಿಸಿರಬೇಕು.

ಇದೆಲ್ಲವನ್ನೂ ಮೀರಿದ ಪರೀಕ್ಷೆ ಒಂದೇ. ಕೆಲಸಕ್ಕೆ ಬಳಸುವ ಶೀಟಿನದೇ ಎರಡು ತುಂಡುಗಳಿಗೆ ಬೆಸುಗೆ ಹಾಕಿ, ಒಂದನ್ನು ವೈಸಿನಲ್ಲಿ ಹಿಡಿದು ಇನ್ನೊಂದನ್ನು ಇಕ್ಕಳದಿಂದ ಸುರುಳಿಯಾಗಿ ಕೀಳುವುದು. ಒಳ್ಳೆಯ ಬೆಸುಗೆಯಾದರೆ ಒಂದು ಶೀಟಿನಲ್ಲಿ ತೂತು ಬಿದ್ದು, ಇನ್ನೊಂದರಲ್ಲಿ ಗುಂಡಿಯು ಅಂಟಿಕೊಂಡು ಉಳಿಯುತ್ತದೆ. 1 ಮಿ.ಮೀ. ಶೀಟಿನಲ್ಲಿ ಆ ಗುಂಡಿಯು 4 ಮಿ.ಮೀ.ಗಿಂತ ಕಡಿಮೆ ಇರಬಾರದು. ತೂತು ಬೀಳದೆ ಎರಡೂ ನುಣ್ಣಗೆ ಬೇರ್ಪಟ್ಟರೆ ಅಂದಿನ ಸರಕನ್ನು ಮುಂದಕ್ಕೆ ಕಳುಹಿಸಬಾರದು. ಇದಕ್ಕೆ ಎರಡು ನಿಮಿಷ ಮತ್ತು ಎರಡು ಕತ್ತರಿಸಿದ ಚೂರುಗಳು ಸಾಕು. ಬೆಳಿಗ್ಗೆ ಒಮ್ಮೆ ಮಾಡಿದರೆ ಸಾಲದು. ತ್ರೀಫೇಸ್ ಹೊತ್ತಿನಲ್ಲಿಯೂ ಒಮ್ಮೆ ಮಾಡಬೇಕು. ಒಂದು ಮಾತು: ಒಂದೇ ತುಂಡಿನ ಮೇಲೆ ಹತ್ತಿರ ಹತ್ತಿರ ಎರಡು ಬೆಸುಗೆ ಹಾಕಿದಾಗ ಎರಡನೆಯದರ ಪ್ರವಾಹದ ಒಂದು ಭಾಗವು ಮೊದಲನೆಯದರ ಮೂಲಕ ಹರಿದುಹೋಗುತ್ತದೆ. ಆದುದರಿಂದ ಸರಕಿನಲ್ಲಿರುವಷ್ಟೇ ಅಂತರವನ್ನಿಟ್ಟು ಎರಡು ಬೆಸುಗೆ ಹಾಕಿ, ಎರಡನೆಯದನ್ನು ಪರೀಕ್ಷಿಸತಕ್ಕದ್ದು.

ಮಂಜೂರಾದ ಲೋಡ್

25 ಕೆವಿಎ ಎಂದು ಫಲಕದ ಮೇಲೆ ಬರೆದಿರುವ ಯಂತ್ರವು 25 ಕೆವಿಎಯನ್ನೇ ಎಳೆಯುತ್ತದೆಯೆಂದು ಭಾವಿಸಿ ಲೋಡ್ ಮಂಜೂರು ಮಾಡಿಸಿಕೊಂಡವರು ಹಲವರಿದ್ದಾರೆ. ಆ ಅಂಕೆಯು ಶೇಕಡಾ 50ರ ಡ್ಯೂಟಿ ಸೈಕಲ್ಲಿಗೆ ಸಂಬಂಧಿಸಿದ್ದು. ಅಂದರೆ ಕಾಲದ ಅರ್ಧ ಭಾಗ ಪ್ರವಾಹ ಹರಿಯುತ್ತಿದ್ದರೆ ಯಂತ್ರ ತಾಳಿಕೊಳ್ಳುವ ಪ್ರಮಾಣ. ನಿಮಿಷಕ್ಕೆ 20 ಬೆಸುಗೆ, ಪ್ರತಿಯೊಂದಕ್ಕೂ 10 ಸೈಕಲ್ ಎಂದಾದರೆ ನಿಮಿಷದ 3,000 ಸೈಕಲ್ಲುಗಳಲ್ಲಿ 200 ಮಾತ್ರ ಬಳಕೆಯಾಗುತ್ತದೆ. ಡ್ಯೂಟಿ ಸೈಕಲ್ ಶೇಕಡಾ 7ಕ್ಕಿಂತ ಕಡಿಮೆ. ಆಗ ಅದೇ ಯಂತ್ರವು ಬಿಸಿಯಾಗದೆ ಬೆಸುಗೆಯ ಕ್ಷಣದಲ್ಲಿ 68 ಕೆವಿಎವರೆಗೂ ಎಳೆಯಬಲ್ಲದು. ಎರಡು ಫೇಸುಗಳ ನಡುವೆ ಜೋಡಿಸಿದ 415 ವೋಲ್ಟಿನ ಯಂತ್ರದಲ್ಲಿ ಇದು ಸುಮಾರು 165 ಆಂಪಿಯರ್. ಪಕ್ಕದ ಮನೆಯ ದೀಪ ಮಿಣುಕುವುದೂ, ನಮ್ಮದೇ ವೋಲ್ಟೇಜ್ ಆ ಕ್ಷಣದಲ್ಲಿ ಮತ್ತಷ್ಟು ಕುಸಿಯುವುದೂ ಇದರಿಂದಲೇ. ಸಾಮಾನ್ಯ ಮೀಟರ್ ಈ ಕ್ಷಣಿಕ ಕುಸಿತವನ್ನು ತೋರಿಸುವುದಿಲ್ಲ. ಕನಿಷ್ಠ ಅಂಕೆಯನ್ನು ಹಿಡಿದಿಟ್ಟುಕೊಳ್ಳುವ ಮೀಟರ್ ಬೇಕು. ಸೆಸ್ಕ್ ಕಚೇರಿಯಲ್ಲಿ ಅರ್ಜಿ ಸಲ್ಲಿಸುವಾಗ ಈ ಲೆಕ್ಕವನ್ನು ಮುಂದಿಟ್ಟು, ಸರ್ವಿಸ್ ಮೈನಿನ ಕೇಬಲ್ ದಪ್ಪ ಮತ್ತು ಟ್ರಾನ್ಸ್‌ಫಾರ್ಮರಿನಿಂದ ಇರುವ ದೂರ ಇವೆರಡನ್ನೂ ಚರ್ಚಿಸುವುದು ಒಳ್ಳೆಯದು. ಸಣ್ಣ ಡೀಸೆಲ್ ಜನರೇಟರಿನ ಮೇಲೆ ಸ್ಪಾಟ್ ವೆಲ್ಡಿಂಗ್ ನಡೆಸುವ ಆಲೋಚನೆಯನ್ನು ಬಿಡುವುದೇ ಲೇಸು. ಪ್ರತಿ ಬೆಸುಗೆಗೂ ಅದರ ಅಲೆಯ ಆಕಾರವು ಕೆಟ್ಟು ನಿಯಂತ್ರಕವು ದಾರಿತಪ್ಪುತ್ತದೆ.

ಈಚೆಗೆ ಮೂರು ಫೇಸುಗಳಿಂದಲೂ ಸಮನಾಗಿ ಎಳೆಯುವ, 1,000 ಆವೃತ್ತಿಯ ಇನ್ವರ್ಟರ್ ಯಂತ್ರಗಳು ವಾಹನ ತಯಾರಿಕೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿವೆ. ಅವು ಉತ್ತಮವಾದರೂ ಬೆಲೆಯು ಬೀರು, ರ‍್ಯಾಕು ತಯಾರಿಸುವ ಘಟಕಕ್ಕೆ ಹೊಂದುವಂಥದಲ್ಲ.

ಸಂರಕ್ಷಣೆ

ನೀರಿನಿಂದ ಆರಂಭಿಸೋಣ. ಟಿಪ್ಪು, ಟ್ರಾನ್ಸ್‌ಫಾರ್ಮರ್ ಮತ್ತು ಥೈರಿಸ್ಟರ್ ಮೂರೂ ನೀರಿನಿಂದಲೇ ತಣಿಯುವ ಯಂತ್ರಗಳಲ್ಲಿ, ನಮ್ಮ ಕೊಳವೆಬಾವಿಗಳ ಗಡಸು ನೀರೇ ಮೊದಲ ಶತ್ರು. ಬಿಸಿಯಾದ ಜಾಗದಲ್ಲಿ ಸುಣ್ಣದಂಥ ಪದರ ಕಟ್ಟಿ ಸಣ್ಣ ಕೊಳವೆ ಮುಚ್ಚಿಹೋಗುತ್ತದೆ. ನೇರವಾಗಿ ಕೊಳವೆಬಾವಿಯ ನೀರನ್ನು ಹಾಯಿಸಿ ಚರಂಡಿಗೆ ಬಿಡುವುದಕ್ಕಿಂತ, ಒಂದು ತೊಟ್ಟಿಯಲ್ಲಿ ಮೆದು ನೀರನ್ನು ತುಂಬಿ ಸಣ್ಣ ಪಂಪಿನಿಂದ ಸುತ್ತಿಸುವುದು ಮೇಲು. ಶೀಟಿನ ಮಾಡಿನಿಂದ ಇಳಿಯುವ ಮಳೆನೀರನ್ನು ಸೋಸಿ ಇದಕ್ಕೆ ಬಳಸಬಹುದು. ಪ್ರತಿ ಟಿಪ್ಪಿಗೆ ನಿಮಿಷಕ್ಕೆ ಸುಮಾರು 4 ಲೀಟರ್ ಹರಿಯಬೇಕು. ಹೊರಬರುವ ನೀರನ್ನು ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿದರೆ ತಿಳಿಯುತ್ತದೆ. ಟಿಪ್ ಹೋಲ್ಡರಿನ ಒಳಗಿನ ಸಣ್ಣ ಕೊಳವೆಯು ಟಿಪ್ಪಿನ ಹಿಂಭಾಗದ ಹತ್ತಿರದವರೆಗೆ ತಲುಪಿರಬೇಕು. ಅದು ಮೋಟಾಗಿದ್ದರೆ ನೀರು ಅರ್ಧದಲ್ಲಿಯೇ ಹಿಂದಿರುಗಿ, ಟಿಪ್ಪು ತಣಿಯುವುದಿಲ್ಲ. ಕೆಲಸ ಮುಗಿದ ಮೇಲೆ ನೀರನ್ನು ನಿಲ್ಲಿಸಬೇಕು. ಮಳೆಗಾಲದ ತೇವದ ಗಾಳಿಯಲ್ಲಿ ತಣ್ಣನೆಯ ನೀರು ಹರಿಯುತ್ತಲೇ ಇದ್ದರೆ ಥೈರಿಸ್ಟರಿನ ಮೇಲೆ ಹನಿ ಕೂತು, ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಅನಾಹುತವಾದೀತು. ಫ್ಲೋ ಸ್ವಿಚ್ಚು ಮತ್ತು ಉಷ್ಣದ ಸ್ವಿಚ್ಚು ಪದೇ ಪದೇ ಯಂತ್ರವನ್ನು ನಿಲ್ಲಿಸುತ್ತವೆಂದು ಅವನ್ನು ತಂತಿಯಿಂದ ಜೋಡಿಸಿ ನಿಷ್ಕ್ರಿಯಗೊಳಿಸುವ ಅಭ್ಯಾಸವು ಅನೇಕ ಕಡೆ ಇದೆ. ಅದು ಕೆಲವು ಸಾವಿರ ರೂಪಾಯಿಯ ಥೈರಿಸ್ಟರನ್ನು ತಾನಾಗಿಯೇ ಸುಟ್ಟುಕೊಂಡಂತೆ.

ಪ್ರಾಣಾಪಾಯದ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಥೈರಿಸ್ಟರ್ ಮುಚ್ಚಿದ್ದರೂ ಅದು ಯಾಂತ್ರಿಕ ಸ್ವಿಚ್ಚಿನಂತೆ ಸಂಪರ್ಕವನ್ನು ಪೂರ್ಣವಾಗಿ ಕಡಿಯುವುದಿಲ್ಲ. ನಿಯಂತ್ರಕವು ಸುಮ್ಮನಿರುವಾಗಲೂ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ, ಹಾಗೂ ನೀರಿನಿಂದ ತಣಿಯುವ ಥೈರಿಸ್ಟರಿನ ಲೋಹದ ಭಾಗಗಳಲ್ಲಿ 415 ವೋಲ್ಟ್ ಇರುತ್ತದೆ. ಆ ಭಾಗಕ್ಕೆ ಹೋಗುವ ನೀರಿನ ರಬ್ಬರ್ ಕೊಳವೆಯನ್ನು ಸೋರಿಕೆ ಬಂದಾಗ ಕತ್ತರಿಸಿ ಮೋಟು ಮಾಡಬಾರದು. ತಯಾರಕರು ಕೊಟ್ಟಷ್ಟೇ ಉದ್ದವಿರಬೇಕು, ಏಕೆಂದರೆ ಕೊಳವೆಯೊಳಗಿನ ನೀರೂ ವಿದ್ಯುತ್ತನ್ನು ಒಯ್ಯುತ್ತದೆ. ಪೆಟ್ಟಿಗೆಯನ್ನು ತೆರೆಯುವ ಮುನ್ನ ಐಸೊಲೇಟರ್ ತೆಗೆದು, ಬೀಗ ಹಾಕಿ, ಕೆಪಾಸಿಟರುಗಳು ಬರಿದಾಗಲು ಕೆಲವು ನಿಮಿಷ ಕಾದು, ಟೆಸ್ಟರಿನಿಂದ ಪರೀಕ್ಷಿಸಿಯೇ ಕೈ ಹಾಕತಕ್ಕದ್ದು.

ಪೆಟ್ಟಿಗೆಯ ಬಾಗಿಲನ್ನು ಸೆಕೆಯೆಂದು ತೆರೆದಿಡುವುದು ಬೇಡ. ಗ್ರೈಂಡಿಂಗ್ ಧೂಳಿನಲ್ಲಿ ಕಬ್ಬಿಣದ ಕಣಗಳಿರುತ್ತವೆ. ಕಾರ್ಡಿನ ಮೇಲೆ ಅವು ಕೂತರೆ ಶಾರ್ಟ್ ಸರ್ಕ್ಯೂಟ್ ಖಚಿತ. ನಮ್ಮ ಕಡೆ ಇದರ ಜೊತೆಗೆ ಹಲ್ಲಿ, ಇರುವೆ, ಇಲಿಗಳ ಕಾಟವೂ ಸೇರುತ್ತದೆ. ಕೇಬಲ್ ಒಳಬರುವ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಬೇಕು. ತಿಂಗಳಿಗೊಮ್ಮೆ ಮೆತ್ತನೆಯ ಕುಂಚದಿಂದಲೂ ವ್ಯಾಕ್ಯೂಮಿನಿಂದಲೂ ಧೂಳು ತೆಗೆಯಬೇಕು. ಕಂಪ್ರೆಸರಿನ ಗಾಳಿಯಲ್ಲಿ ನೀರು, ಎಣ್ಣೆ ಇರುವುದರಿಂದ ಅದನ್ನು ಊದುವುದು ಸರಿಯಲ್ಲ. ಮೂರು ತಿಂಗಳಿಗೊಮ್ಮೆ ದಪ್ಪ ಕೇಬಲ್ಲುಗಳ ಬೋಲ್ಟುಗಳನ್ನೂ, ತೋಳುಗಳ ತಾಮ್ರದ ಜೋಡಣೆಗಳನ್ನೂ ಬಿಗಿಗೊಳಿಸಬೇಕು. ಸೆಕೆಂಡರಿಯಲ್ಲಿ ಒಂದು ಜೋಡಣೆ ಕಪ್ಪಾಗಿದ್ದರೆ ಸಾಕು, ಬೆಸುಗೆಗೆ ಸೇರಬೇಕಾದ ಶಾಖವು ಅಲ್ಲಿ ವ್ಯಯವಾಗುತ್ತದೆ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬಾರದು. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ಕೆಲಸ ಮುಗಿದ ಮೇಲೆ ಮುಖ್ಯ ಸ್ವಿಚ್ಚನ್ನು ತೆಗೆದೇ ಮನೆಗೆ ಹೋಗಬೇಕು. ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ನನ್ನು ಮೆಗ್ಗರ್‌ನಿಂದ ಪರೀಕ್ಷಿಸುವ ಎಲೆಕ್ಟ್ರಿಷಿಯನ್ ಬಂದರೆ, ನಿಯಂತ್ರಕದ ಸಂಪರ್ಕವನ್ನು ಮೊದಲು ಬಿಡಿಸಲು ಹೇಳಬೇಕು. ಮೆಗ್ಗರಿನ 500 ವೋಲ್ಟಿಗೆ ಕಾರ್ಡುಗಳು ಬಲಿಯಾಗುತ್ತವೆ.

ಕೆಲವು ಹಳೆಯ ಮಾದರಿಗಳಲ್ಲಿ ಅಂಕೆಗಳನ್ನು ನೆನಪಿಟ್ಟುಕೊಳ್ಳಲು ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತ ದಿನ ಎಲ್ಲ ಪ್ರೋಗ್ರಾಂಗಳೂ ಅಳಿಸಿಹೋಗುತ್ತವೆ. ಯಾವ ಮಾದರಿಯೇ ಆಗಲಿ, ಪ್ರತಿ ಸರಕಿಗೂ ಶೀಟಿನ ದಪ್ಪ, ನಾಲ್ಕು ಕಾಲಗಳು, ಹೀಟ್, ಟ್ಯಾಪ್, ಗಾಳಿಯ ಒತ್ತಡ, ಟಿಪ್ಪಿನ ವ್ಯಾಸ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅವಶ್ಯ. ಪಾಸ್‌ವರ್ಡ್ ಸೌಲಭ್ಯವಿದ್ದರೆ ಮಾಲೀಕರು ಅಥವಾ ಮೇಸ್ತ್ರಿಗಳು ಮಾತ್ರ ಅಂಕೆಗಳನ್ನು ಬದಲಿಸುವಂತೆ ಏರ್ಪಡಿಸಬಹುದು.

ದೋಷ ಪತ್ತೆ

ಯಂತ್ರವು ಎಂದಿಗಿಂತ ಜೋರಾಗಿ ಗುಂಯ್‌ಗುಡುತ್ತಾ ಬ್ರೇಕರ್ ಬೀಳುತ್ತಿದ್ದರೆ, ಜೋಡಿ ಥೈರಿಸ್ಟರುಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತಿರುವ ಸಂಭವ ಹೆಚ್ಚು. ಆಗ ಅಲೆಯ ಒಂದು ಅರ್ಧ ಮಾತ್ರ ಹರಿದು ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಒಂದೇ ದಿಕ್ಕಿಗೆ ಕಾಂತವಾಗುತ್ತದೆ. ಪೆಡಲ್ ಒತ್ತುವ ಮೊದಲೇ, ಸ್ವಿಚ್ ಹಾಕಿದೊಡನೆ ಹೀಗಾದರೆ ಥೈರಿಸ್ಟರ್ ಶಾರ್ಟ್ ಆಗಿದೆಯೆಂದು ತಿಳಿಯಬಹುದು. ಪೆಡಲ್ ಒತ್ತಿದಾಗ ಮಾತ್ರ ಆದರೆ ಗೇಟಿನ ತಂತಿ ಸಡಿಲವಾಗಿರಬಹುದು ಅಥವಾ ಫೈರಿಂಗ್ ಕಾರ್ಡಿನ ದೋಷವಿರಬಹುದು. ವಿದ್ಯುತ್ ಕಡಿದು, ಟ್ರಾನ್ಸ್‌ಫಾರ್ಮರಿನ ಸಂಪರ್ಕವನ್ನು ಬಿಡಿಸಿ, ಥೈರಿಸ್ಟರಿನ ಎರಡು ದಪ್ಪ ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟಾಗ ಎರಡೂ ದಿಕ್ಕಿನಲ್ಲಿ ಹೆಚ್ಚಿನ ರೋಧ ತೋರಬೇಕು. ಶೂನ್ಯದ ಸಮೀಪ ತೋರಿದರೆ ಜೋಡಿಯನ್ನೇ ಬದಲಿಸಬೇಕು.

ಪರದೆ ಉರಿಯುತ್ತಿದ್ದು ಟಿಪ್ಪು ಇಳಿಯದಿದ್ದರೆ ಪೆಡಲಿನ ಸ್ವಿಚ್ಚು, ಸೊಲೆನಾಯ್ಡ್ ಕವಾಟ ಮತ್ತು ಗಾಳಿಯನ್ನು ನೋಡಬೇಕು. ಟಿಪ್ಪು ಇಳಿದೂ ಪ್ರವಾಹ ಹರಿಯದಿದ್ದರೆ ವೆಲ್ಡ್ ಆನ್ ಸ್ವಿಚ್ಚು, ನೀರಿನ ಮತ್ತು ಉಷ್ಣದ ಸ್ವಿಚ್ಚು, ನಂತರ ಫ್ಯೂಸು. ಒಮ್ಮೆ ಗಟ್ಟಿ, ಒಮ್ಮೆ ಸಡಿಲವಾಗಿ ಬೆಸುಗೆ ಬೀಳುತ್ತಿದ್ದರೆ ನಿಯಂತ್ರಕವನ್ನು ಬಿಚ್ಚುವುದು ಕಟ್ಟಕಡೆಯ ಕೆಲಸವಾಗಬೇಕು. ಮೊದಲು ಟಿಪ್ಪಿನ ಮುಖ, ಆಮೇಲೆ ಗಾಳಿ, ಆಮೇಲೆ ಶೀಟಿನ ಮೇಲಿನ ತುಕ್ಕು ಎಣ್ಣೆ, ಆಮೇಲೆ ಬೆಸುಗೆಯ ಹೊತ್ತಿನ ವೋಲ್ಟೇಜ್ ನೋಡಬೇಕು.

ಆ ಘಟಕದಲ್ಲಿಯೂ ಇದೇ ಅನುಕ್ರಮದಲ್ಲಿ ನೋಡಿ, ಟಿಪ್ಪನ್ನು 5 ಮಿ.ಮೀ.ಗೆ ಮಟ್ಟಸ ಮಾಡಿ, ಟ್ಯಾಪನ್ನು ಒಂದು ಮೆಟ್ಟಿಲು ಏರಿಸಿ, ಹೀಟ್ ಬೆಳಿಗ್ಗೆ ಶೇಕಡಾ 75ರ ಆಸುಪಾಸಿನಲ್ಲಿ ನಿಲ್ಲುವಂತೆ ಮಾಡಲಾಯಿತು. ಎಚ್ಚರಿಕೆಯ ಮಿತಿಯನ್ನು ಮೊದಲಿನ ಅಂಕೆಗೆ ತಂದು ಪಾಸ್‌ವರ್ಡ್ ಹಾಕಲಾಯಿತು. ವೋಲ್ಟೇಜ್ 360ಕ್ಕಿಂತ ಕೆಳಗಿಳಿದ ಹೊತ್ತಿನಲ್ಲಿ ಶೀಟು ಕತ್ತರಿಸುವ, ಬಾಗಿಸುವ ಕೆಲಸಗಳನ್ನು ಮಾಡಿಕೊಂಡು ಬೆಸುಗೆಯನ್ನು ಬೆಳಗಿನ ಪಾಳಿಗೆ ಇಟ್ಟುಕೊಳ್ಳುವುದೆಂದು ಮಾಲೀಕರೇ ನಿರ್ಧರಿಸಿದರು. ಹಳೆಯ ರ‍್ಯಾಕುಗಳ ಬಣ್ಣ ತೆಗೆಸಿ ಮತ್ತೆ ಬೆಸುಗೆ ಹಾಕಿಸಲು ಆದ ಖರ್ಚು ಮಾತ್ರ ಅವರ ಕೈಯಿಂದಲೇ ಹೋಯಿತು.

ಕೊಳ್ಳುವವರಿಗೆ

ಹೊಸ ನಿಯಂತ್ರಕವನ್ನು ಕೊಳ್ಳುವವರು ಬೆಲೆಯನ್ನು ಕೇಳುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳತಕ್ಕದ್ದು. ವೋಲ್ಟೇಜ್ ಪರಿಹಾರ ಮಾತ್ರ ಇದೆಯೇ, ಸ್ಥಿರ ಪ್ರವಾಹ ಕ್ರಮವೂ ಇದೆಯೇ? ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ಅದು ಸರಿದೂಗಿಸುತ್ತದೆ? ಅಳತೆಯ ಸುರುಳಿಯು ಬೆಲೆಯಲ್ಲಿ ಸೇರಿದೆಯೇ? ಥೈರಿಸ್ಟರ್ ಶಾರ್ಟ್ ಆದರೆ ತಾನಾಗಿಯೇ ಬ್ರೇಕರನ್ನು ಬೀಳಿಸುವ ವ್ಯವಸ್ಥೆಯುಂಟೇ? ಫೈರಿಂಗ್ ಕಾರ್ಡು ಮತ್ತು ಥೈರಿಸ್ಟರ್ ಪೀಣ್ಯದಲ್ಲಿಯೋ ಮೈಸೂರಿನಲ್ಲಿಯೋ ಕೂಡಲೇ ಸಿಗುತ್ತವೆಯೇ, ಇಲ್ಲವೇ ಹೊರರಾಜ್ಯದಿಂದ ಬರಬೇಕೇ? ವೈರಿಂಗ್ ನಕ್ಷೆಯನ್ನು ಕೊಡಲೊಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಕ್ಷೇಮ. ಯಂತ್ರವನ್ನು ಅಳವಡಿಸಲು ಬರುವ ತಂತ್ರಜ್ಞರನ್ನು ಬೆಳಿಗ್ಗೆ ಕರೆಸಿ ಮಧ್ಯಾಹ್ನಕ್ಕೆ ಮುನ್ನ ಕಳುಹಿಸಿಕೊಡುವುದು ನಮ್ಮಲ್ಲಿ ರೂಢಿ. ಅವರನ್ನು ಪಂಪ್‌ಸೆಟ್‌ಗಳು ಓಡುವ ಹೊತ್ತಿನವರೆಗೂ ಉಳಿಸಿಕೊಂಡು, ಆ ವೋಲ್ಟೇಜಿನಲ್ಲಿ ಹಾಕಿದ ಬೆಸುಗೆಯನ್ನು ಅವರ ಎದುರಿನಲ್ಲಿಯೇ ಕಿತ್ತು ನೋಡಿದ ಮೇಲೆ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಬೇಕು.